ತಿರಸ್ಕೃತ ನಾಮಪತ್ರ: ನ್ಯಾಯ ಮತದಾನಕ್ಕೆ ಮುಂಚೆಯೋ, ಆಮೇಲೋ?

ಸಹಕಾರಿ ಬ್ಯಾಂಕೊಂದರ ಆಡಳಿತ ಮಂಡಳಿಗೆ ಚುನಾವಣೆ ಎಂದರೆ ಮತದಾನದ ದಿನವೇ ಮುಖ್ಯ ಎಂದು ಹೊರಗಿನವರು ತಿಳಿಯುತ್ತಾರೆ. ಬ್ಯಾಂಕಿನ ಒಳಹೊರಗು ಬಲ್ಲವರ ಲೆಕ್ಕ ಬೇರೆ. ಅವರ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದ ದಿನ ನಾಮಪತ್ರ ಪರಿಶೀಲನೆಯದು. ಬ್ಯಾಂಕಿನ ಸಭಾಂಗಣದಲ್ಲಿ ಚುನಾವಣಾಧಿಕಾರಿ ಮೇಜಿನ ಹಿಂದೆ ಕುಳಿತು ಒಂದೊಂದೇ ನಾಮಪತ್ರ ತೆರೆಯುತ್ತಾರೆ. ಸೂಚಕರ ಸಹಿ ಸರಿಯಿದೆಯೇ, ಸದಸ್ಯತ್ವದ ಸಂಖ್ಯೆ ಮತದಾರರ ಪಟ್ಟಿಯೊಂದಿಗೆ ತಾಳೆಯಾಗುತ್ತದೆಯೇ, ಅಭ್ಯರ್ಥಿಯ ಹೆಸರಿನಲ್ಲಿ ಸಾಲದ ಬಾಕಿ ಇದೆಯೇ ಎಂದು ನೋಡುತ್ತಾರೆ. ಎದುರಾಳಿಗಳು ಆಕ್ಷೇಪ ಎತ್ತುತ್ತಾರೆ. ಸಂಜೆಯ ಹೊತ್ತಿಗೆ ಸೂಚನಾ ಫಲಕಕ್ಕೆ ಒಂದು ಪಟ್ಟಿ ಬೀಳುತ್ತದೆ. ಕೆಲವರ ಹೆಸರಿನ ಮುಂದೆ ‘ಕ್ರಮಬದ್ಧ’, ಕೆಲವರ ಹೆಸರಿನ ಮುಂದೆ ‘ತಿರಸ್ಕೃತ’.

ಆ ಎರಡನೆಯ ಪದ ತಮ್ಮ ಹೆಸರಿನ ಮುಂದೆ ಕಂಡ ಸದಸ್ಯರು ಮೊದಲು ಓಡುವುದು ವಕೀಲರ ಬಳಿಗೆ. ಮತದಾನಕ್ಕೆ ಉಳಿದಿರುವುದು ಕೆಲವೇ ದಿನ. ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹಾಕಬಹುದೇ? ಚುನಾವಣೆಗೆ ತಡೆಯಾಜ್ಞೆ ಸಿಗಬಹುದೇ? ಅಥವಾ, ತಾವು ಕಣದಲ್ಲಿಲ್ಲದ ಚುನಾವಣೆ ಮುಗಿಯುವವರೆಗೆ ಕಾದು, ಆಮೇಲೆ ದಾವೆ ಹೂಡಬೇಕೇ? ಈ ಪ್ರಶ್ನೆಗೆ ನ್ಯಾಯಾಲಯಗಳು ಕೊಡುತ್ತ ಬಂದಿರುವ ಉತ್ತರ ಸಾಮಾನ್ಯರಿಗೆ ವಿಚಿತ್ರವಾಗಿ ಕಾಣುವಂಥದು: ‘ನಿಮಗೆ ಅನ್ಯಾಯವಾಗಿರಬಹುದು, ಆದರೆ ಮೊದಲು ಚುನಾವಣೆ ಮುಗಿಯಲಿ.’ ಈ ಉತ್ತರ ಎಲ್ಲಿಂದ ಬಂತು, ಅದರ ಹಿಂದಿನ ತರ್ಕವೇನು, ಅದಕ್ಕೆ ತೆರಬೇಕಾದ ಬೆಲೆ ಎಷ್ಟು ಎಂಬುದರ ಹಿಂದೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ.

ರಿಜಿಸ್ಟ್ರಾರರ ಮನೆಯಲ್ಲೇ ನ್ಯಾಯ

ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳಿಗೆ ಕಾನೂನಿನ ಆಸರೆ ದೊರೆತದ್ದು 1904ರ ಕಾಯ್ದೆಯಿಂದ. ಮರುವರ್ಷವೇ, ಅಂದರೆ 1905ರಲ್ಲಿ, ಅಂದಿನ ಮುಂಬೈ ಪ್ರಾಂತಕ್ಕೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂಬ ಹೆಗ್ಗಳಿಕೆ ಅದರದು. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾನೂನನ್ನು ಜಾರಿಗೆ ತಂದಿತು.

ಈ ಸಂಘಗಳ ಉದ್ದೇಶ ಸಾಹುಕಾರರ ಬಡ್ಡಿಯಿಂದ ರೈತರನ್ನು, ಸಣ್ಣ ಕಸುಬಿನವರನ್ನು ಬಿಡಿಸುವುದು. ಬಡ್ಡಿಯ ದಾವೆಗಳಿಗಾಗಿ ವರ್ಷಗಟ್ಟಲೆ ಮುನ್ಸೀಫ್ ಕೋರ್ಟಿಗೆ ಅಲೆದು ಸೋತಿದ್ದ ಜನರನ್ನು, ತಮ್ಮದೇ ಸಂಘದ ಜಗಳಕ್ಕಾಗಿ ಮತ್ತೆ ಅದೇ ಮೆಟ್ಟಿಲು ಹತ್ತಿಸುವುದು ಸಹಕಾರದ ಆಶಯಕ್ಕೆ ಒಗ್ಗುವಂಥದಾಗಿರಲಿಲ್ಲ. ಆದ್ದರಿಂದ 1912ರ ಕಾಯ್ದೆಯಲ್ಲಿ ಸಂಘದ ವ್ಯವಹಾರಕ್ಕೆ ಸಂಬಂಧಿಸಿದ ವಿವಾದಗಳನ್ನು ರಿಜಿಸ್ಟ್ರಾರರಿಗೆ ಅಥವಾ ಪಂಚರಿಗೆ ಒಪ್ಪಿಸುವಂತೆ ನಿಯಮ ಮಾಡಲು ಪ್ರಾಂತೀಯ ಸರ್ಕಾರಗಳಿಗೆ ಅಧಿಕಾರ ಕೊಡಲಾಯಿತು. ಸಂಘವನ್ನು ನೋಂದಾಯಿಸುವವರು, ಅದರ ಲೆಕ್ಕ ನೋಡುವವರು, ತಪ್ಪಿದರೆ ತಿದ್ದುವವರು ಎಲ್ಲವೂ ರಿಜಿಸ್ಟ್ರಾರರೇ. ಈಗ ಅವರು ನ್ಯಾಯ ಹೇಳುವವರೂ ಆದರು. ಖರ್ಚು ಕಡಿಮೆ, ಕಾಲ ಕಡಿಮೆ, ವಕೀಲರ ಗೊಡವೆ ಕಡಿಮೆ ಎಂಬ ನಿರೀಕ್ಷೆ ಇದರ ಹಿಂದಿತ್ತು.

ಆರಂಭದ ದಿನಗಳಲ್ಲಿ ‘ವಿವಾದ’ ಎಂದರೆ ಬಹುಮಟ್ಟಿಗೆ ಸಾಲದ ವಿವಾದ. ಚುನಾವಣೆಯ ಜಗಳ ಅಷ್ಟಾಗಿ ಇರಲಿಲ್ಲ. ಊರಿನ ನಾಲ್ಕು ಜನ ಕುಳಿತು ಒಬ್ಬ ಅಧ್ಯಕ್ಷನನ್ನು ಆರಿಸಿಕೊಳ್ಳುತ್ತಿದ್ದರು. ಆದರೆ ಸ್ವಾತಂತ್ರ್ಯಾನಂತರ ಪಂಚವಾರ್ಷಿಕ ಯೋಜನೆಗಳ ಹಣ ಸಹಕಾರಿ ಸಂಸ್ಥೆಗಳ ಮೂಲಕ ಹಳ್ಳಿಗೆ ಹರಿಯತೊಡಗಿತು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿ ಎಂದರೆ ಇಡೀ ಜಿಲ್ಲೆಯಲ್ಲಿ ಬೆಳೆಸಾಲ ಯಾವ ಸಂಘಕ್ಕೆ ಎಷ್ಟು ಎಂದು ತೀರ್ಮಾನಿಸುವ ಕುರ್ಚಿ ಎಂದಾಯಿತು. ಪಟ್ಟಣ ಸಹಕಾರಿ ಬ್ಯಾಂಕುಗಳ ಠೇವಣಿ ಬೆಳೆಯಿತು. ಅಧಿಕಾರ ಬಂದಲ್ಲಿ ಪೈಪೋಟಿ ಬಂತು. ಪೈಪೋಟಿ ಬಂದಲ್ಲಿ ಎದುರಾಳಿಯನ್ನು ಕಣಕ್ಕೇ ಇಳಿಯದಂತೆ ತಡೆಯುವ ಉಪಾಯಗಳೂ ಬಂದವು.

ಹೊಸ ರಾಜ್ಯಗಳು ಹೊಸ ಕಾಯ್ದೆಗಳನ್ನು ಬರೆದದ್ದು ಈ ಹೊತ್ತಿನಲ್ಲೇ. ಏಕೀಕೃತ ಮೈಸೂರು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಮುಂಬೈ ಪ್ರಾಂತದ 1925ರ ಕಾಯ್ದೆ, ಮದರಾಸಿನ 1932ರ ಕಾಯ್ದೆ, ಮೈಸೂರಿನ 1948ರ ಕಾಯ್ದೆ, ಹೈದರಾಬಾದು ಮತ್ತು ಕೊಡಗಿನ ಕಾಯ್ದೆಗಳು ಚಲಾವಣೆಯಲ್ಲಿದ್ದವು. ಇವೆಲ್ಲವನ್ನೂ ಬದಿಗೆ ಸರಿಸಿ 1959ರ ಸಹಕಾರ ಸಂಘಗಳ ಕಾಯ್ದೆ ಬಂದಿತು. 1960ರ ಜೂನ್ 1ರಿಂದ ಜಾರಿಯಾಯಿತು. ಅದರ 20ನೆಯ ಕಲಂ, ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ ಎಂಬ ಸಹಕಾರದ ಮೂಲತತ್ವವನ್ನು ಬರೆದಿಟ್ಟಿತು. 70ನೆಯ ಕಲಂ ಸಂಘದ ರಚನೆ, ಆಡಳಿತ, ವ್ಯವಹಾರ ಕುರಿತ ವಿವಾದಗಳನ್ನು ರಿಜಿಸ್ಟ್ರಾರರ ಮುಂದೆ ತರಬೇಕೆಂದು ಹೇಳಿ, ಅಧ್ಯಕ್ಷ, ಉಪಾಧ್ಯಕ್ಷ, ಆಡಳಿತ ಮಂಡಳಿ ಸದಸ್ಯರ ಚುನಾವಣೆಗೆ ಸಂಬಂಧಿಸಿದ ವಿವಾದವೂ ಅಂಥ ವಿವಾದವೇ ಎಂದು ಸ್ಪಷ್ಟಪಡಿಸಿತು. 118ನೆಯ ಕಲಂ ಇಂಥ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚಿತು.

ಚುನಾವಣೆಯನ್ನು ಹೀಗೆ ಹೆಸರಿಟ್ಟು ಸೇರಿಸಬೇಕಾದ ಅಗತ್ಯ ಏನಿತ್ತು ಎಂಬುದು ಮುಂದೆ ಒಂದು ತೀರ್ಪಿನಿಂದ ತಿಳಿಯಿತು. ಡೆಕ್ಕನ್ ಮರ್ಚೆಂಟ್ಸ್ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ 1968-69ರ ಸುಮಾರಿಗೆ ಸರ್ವೋಚ್ಚ ನ್ಯಾಯಾಲಯ ಮಹಾರಾಷ್ಟ್ರ ಕಾಯ್ದೆಯ 91ನೆಯ ಕಲಮನ್ನು ವಿಶ್ಲೇಷಿಸಿತು. ಅಲ್ಲಿ ರಚನೆ, ಪದಾಧಿಕಾರಿಗಳ ಚುನಾವಣೆ, ಸಾಮಾನ್ಯ ಸಭೆ, ಆಡಳಿತ, ವ್ಯವಹಾರ ಎಂದು ಐದು ಬಗೆಯ ವಿವಾದಗಳನ್ನು ಬಿಡಿಬಿಡಿಯಾಗಿ ಹೇಳಿರುವುದರಿಂದ ‘ವ್ಯವಹಾರ’ ಎಂಬ ಪದಕ್ಕೆ ಎಲ್ಲವನ್ನೂ ತುಂಬಿಕೊಳ್ಳುವಷ್ಟು ವಿಶಾಲ ಅರ್ಥ ಕೊಡಲಾಗದು ಎಂದಿತು. ಬ್ಯಾಂಕಿನ ವ್ಯವಹಾರ ಬೇರೆ, ಬ್ಯಾಂಕಿನ ಚುನಾವಣೆ ಬೇರೆ ಎಂಬ ಗೆರೆ ಹೀಗೆ ದಪ್ಪವಾಯಿತು.

ನಾಮಕ್ಕಲ್‌ನ ಒಂದು ನಾಮಪತ್ರ

ಸಹಕಾರಿ ಚುನಾವಣೆಯ ನಾಮಪತ್ರದ ಮೇಲೆ ಇಂದಿಗೂ ನೆರಳು ಚೆಲ್ಲುವ ತೀರ್ಪು ಹುಟ್ಟಿದ್ದು ಸಹಕಾರಿ ಸಂಸ್ಥೆಯಿಂದಲ್ಲ, ವಿಧಾನಸಭಾ ಚುನಾವಣೆಯಿಂದ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ. ಮದರಾಸು ವಿಧಾನಸಭೆಗೆ ಸೇಲಂ ಜಿಲ್ಲೆಯ ನಾಮಕ್ಕಲ್ ಕ್ಷೇತ್ರದಿಂದ ಸ್ಪರ್ಧಿಸಲು ಪೊನ್ನುಸ್ವಾಮಿ ಎಂಬವರು ನಾಮಪತ್ರ ಸಲ್ಲಿಸಿದ್ದರು. 1951ರ ನವೆಂಬರ್ 28ರಂದು ಪರಿಶೀಲನೆಯಲ್ಲಿ ಚುನಾವಣಾಧಿಕಾರಿ ಅದನ್ನು ತಿರಸ್ಕರಿಸಿದರು. ಪೊನ್ನುಸ್ವಾಮಿ ಸಂವಿಧಾನದ 226ನೆಯ ವಿಧಿಯಡಿ ಮದರಾಸು ಉಚ್ಚ ನ್ಯಾಯಾಲಯಕ್ಕೆ ಹೋದರು. ಅರ್ಜಿ ವಜಾ ಆಯಿತು. ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯ ಮುಟ್ಟಿತು.

ಶಾಸನಸಭೆಯ ಚುನಾವಣೆಯನ್ನು ಚುನಾವಣಾ ಅರ್ಜಿಯ ಮೂಲಕವಲ್ಲದೆ ಬೇರೆ ರೀತಿಯಲ್ಲಿ ಪ್ರಶ್ನಿಸಬಾರದು ಎಂದು ಸಂವಿಧಾನದ 329ನೆಯ ವಿಧಿ ಹೇಳುತ್ತದೆ. ಪೊನ್ನುಸ್ವಾಮಿಯವರ ಪರ ವಾದ ಸರಳವಾಗಿತ್ತು. ಚುನಾವಣೆ ಎಂದರೆ ಮತದಾನ. ನಾಮಪತ್ರ ತಿರಸ್ಕಾರ ಅದಕ್ಕೆ ಮುಂಚಿನ ಹಂತ. ಮುಂಚಿನ ಹಂತದ ತಪ್ಪನ್ನು ತಿದ್ದಲು ಆ ನಿರ್ಬಂಧ ಅಡ್ಡ ಬರಲಾರದು. ಕಣಕ್ಕೇ ಇಳಿಯದವನು ಚುನಾವಣೆ ಮುಗಿದ ಮೇಲೆ ಗೆದ್ದು ಪ್ರಯೋಜನವೇನು ಎಂಬುದು ಅದರ ಹಿಂದಿನ ಅಳಲು.

1952ರ ಜನವರಿ 21ರಂದು ನ್ಯಾಯಮೂರ್ತಿ ಫಜಲ್ ಅಲಿ ಬರೆದ ತೀರ್ಪು ಈ ವಾದವನ್ನು ಒಪ್ಪಲಿಲ್ಲ. ‘ಚುನಾವಣೆ’ ಎಂದರೆ ಮತದಾನವಷ್ಟೇ ಅಲ್ಲ. ಅಧಿಸೂಚನೆಯಿಂದ ಹಿಡಿದು ಫಲಿತಾಂಶದ ಘೋಷಣೆಯವರೆಗಿನ ಇಡೀ ಪ್ರಕ್ರಿಯೆ. ನಾಮಪತ್ರ ಅದರ ಒಂದು ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲೂ ನ್ಯಾಯಾಲಯ ಕೈಹಾಕಿದರೆ ಸಕಾಲಕ್ಕೆ ಚುನಾವಣೆ ಮುಗಿಯುವುದೇ ಇಲ್ಲ. ಚುನಾವಣೆಗೆ ನಿಲ್ಲುವ ಹಕ್ಕು ಕಾಯ್ದೆ ಕೊಟ್ಟ ಹಕ್ಕು. ಹಕ್ಕನ್ನು ಕೊಟ್ಟ ಕಾಯ್ದೆಯೇ ಪರಿಹಾರದ ದಾರಿಯನ್ನೂ ತೋರಿಸಿದ್ದರೆ ಆ ದಾರಿಯನ್ನೇ ಹಿಡಿಯಬೇಕು. ಈ ಕೊನೆಯ ಮಾತಿಗೆ 1859ರ ಒಂದು ಇಂಗ್ಲಿಷ್ ತೀರ್ಪಿನ ಆಧಾರವನ್ನೂ ನ್ಯಾಯಾಲಯ ಕೊಟ್ಟಿತು.

ಪರಿಹಾರವೇ ಇಲ್ಲವೆಂದು ನ್ಯಾಯಾಲಯ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 100ನೆಯ ಕಲಂ ಪ್ರಕಾರ, ಒಂದೇ ಒಂದು ನಾಮಪತ್ರ ಅನುಚಿತವಾಗಿ ತಿರಸ್ಕೃತವಾಗಿದ್ದರೂ ಸಾಕು, ಗೆದ್ದವರ ಆಯ್ಕೆ ಅಸಿಂಧುವಾಗುತ್ತದೆ. ಅದರಿಂದ ಫಲಿತಾಂಶ ಬದಲಾಗುತ್ತಿತ್ತು ಎಂದು ತೋರಿಸಬೇಕಾಗಿಲ್ಲ. ಆದರೆ ನಾಮಪತ್ರವನ್ನು ಅನುಚಿತವಾಗಿ ಅಂಗೀಕರಿಸಿದ್ದರೆ, ಅದರಿಂದ ಫಲಿತಾಂಶಕ್ಕೆ ಧಕ್ಕೆಯಾಯಿತೆಂದು ತೋರಿಸಬೇಕು. ಈ ಭೇದಕ್ಕೆ ಕಾರಣವಿದೆ. ಕಣದಲ್ಲಿದ್ದವರಿಗೆ ಎಷ್ಟು ಮತ ಬಿತ್ತೆಂದು ಎಣಿಸಬಹುದು. ಕಣದಲ್ಲೇ ಇಲ್ಲದವರಿಗೆ ಎಷ್ಟು ಬೀಳುತ್ತಿತ್ತೆಂದು ಎಣಿಸುವವರು ಯಾರು? ಹಾಗಾಗಿ ತಿರಸ್ಕಾರದ ತಪ್ಪನ್ನು ಕಾನೂನು ಹೆಚ್ಚು ಗಂಭೀರವೆಂದು ತಿಳಿಯಿತು.

ಶಾಸನಸಭೆಯಿಂದ ಸೊಸೈಟಿಗೆ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 329ನೆಯ ವಿಧಿ ಸಂಸತ್ತು, ರಾಜ್ಯಗಳ ವಿಧಾನಮಂಡಲಗಳಿಗೆ ಮಾತ್ರ ಅನ್ವಯಿಸುತ್ತದೆ. ಸಹಕಾರಿ ಬ್ಯಾಂಕಿನ ಚುನಾವಣೆಗೆ ಅದು ಹೇಗೆ ಬಂತು?

ವಿಧಿ ಬರಲಿಲ್ಲ, ಅದರ ಹಿಂದಿನ ತತ್ವ ಬಂತು. 1975ರಲ್ಲಿ ಉತ್ತರ ಪ್ರದೇಶದ ಪುರಸಭೆಯೊಂದರ ಅಧ್ಯಕ್ಷ ಸ್ಥಾನದ ಪ್ರಕರಣದಲ್ಲಿ, 1977ರಲ್ಲಿ ವಕೀಲರ ಪರಿಷತ್ತಿನ ಚುನಾವಣೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದೇ ದಾರಿ ಹಿಡಿಯಿತು: ಕಾಯ್ದೆಯೇ ಚುನಾವಣಾ ವಿವಾದಕ್ಕೆ ಪರಿಹಾರ ಒದಗಿಸಿರುವಾಗ ಉಚ್ಚ ನ್ಯಾಯಾಲಯಗಳು ರಿಟ್ ಅಧಿಕಾರವನ್ನು ಬಳಸಲು ಮುಂದಾಗಬಾರದು. 1982ರಲ್ಲಿ ಜ್ಯೋತಿ ಬಸು ಪ್ರಕರಣದಲ್ಲಿ, ಆರಿಸುವ ಹಕ್ಕಾಗಲಿ ಆರಿಸಿಬರುವ ಹಕ್ಕಾಗಲಿ ಮೂಲಭೂತ ಹಕ್ಕಲ್ಲ, ಕಾಯ್ದೆಯಿಂದ ಬಂದ ಹಕ್ಕು ಎಂದು ಮತ್ತೊಮ್ಮೆ ಹೇಳಿತು. 2001ರಲ್ಲಿ ಮಹಾರಾಷ್ಟ್ರದ ಸಂತ ಸದ್ಗುರು ಜನಾರ್ದನ ಸ್ವಾಮಿ ಸಹಕಾರಿ ಹಾಲು ಉತ್ಪಾದಕ ಸಂಸ್ಥೆಯ ಪ್ರಕರಣ ಬಂದಾಗ ಈ ಸರಪಳಿ ನೇರವಾಗಿ ಸಹಕಾರ ಕ್ಷೇತ್ರಕ್ಕೆ ತಗುಲಿತು. ಮತದಾರರ ಪಟ್ಟಿಯ ತಯಾರಿಯೂ ಚುನಾವಣಾ ಪ್ರಕ್ರಿಯೆಯ ಒಂದು ಹಂತವೇ. ಪ್ರಕ್ರಿಯೆ ಶುರುವಾದ ಮೇಲೆ, ಪಟ್ಟಿಯಲ್ಲಿ ನಿಯಮಭಂಗವಾಗಿದೆ ಎಂದರೂ ಉಚ್ಚ ನ್ಯಾಯಾಲಯ ಚುನಾವಣೆಯನ್ನು ತಡೆಯಬಾರದು, ನೊಂದವರು ಚುನಾವಣಾ ಅರ್ಜಿ ಹಾಕಲಿ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಪಟ್ಟಿಗೇ ಈ ಮಾತು ಅನ್ವಯಿಸುವುದಾದರೆ, ಅದರ ನಂತರದ ಹಂತವಾದ ನಾಮಪತ್ರಕ್ಕೆ ಅನ್ವಯಿಸದೆ ಇರುತ್ತದೆಯೇ?

ಆದರೂ ಒಂದು ವ್ಯತ್ಯಾಸ ಉಳಿದೇ ಇತ್ತು. ಶಾಸನಸಭೆಯ ವಿಷಯದಲ್ಲಿ ಸಂವಿಧಾನವೇ ಬಾಗಿಲು ಹಾಕಿದೆ. ಪಂಚಾಯಿತಿ, ಪುರಸಭೆಗಳಿಗೂ 1993ರಲ್ಲಿ ಜಾರಿಯಾದ ತಿದ್ದುಪಡಿಗಳು ಅಂಥ ನಿರ್ಬಂಧವನ್ನು ಬರೆದವು. ಸಹಕಾರ ಸಂಘಗಳಿಗೆ ಸಂವಿಧಾನದಲ್ಲಿ ಅಂಥ ಅಡ್ಡಗೋಡೆ ಇಲ್ಲ. ಅಲ್ಲಿ ನ್ಯಾಯಾಲಯ ಹೊರಗೆ ನಿಂತಿರುವುದು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡಿನಿಂದ. ತಾನೇ ಹಾಕಿಕೊಂಡ ಕಟ್ಟುಪಾಡನ್ನು ತೀರ ಕಣ್ಣಿಗೆ ರಾಚುವ ಪ್ರಕರಣದಲ್ಲಿ ಸಡಿಲಿಸಲೂ ಬಹುದು. ಪ್ರತಿ ಸಹಕಾರಿ ಚುನಾವಣೆಯಲ್ಲೂ ರಿಟ್ ಅರ್ಜಿಗಳು ಬಂದು ಬೀಳುವುದಕ್ಕೆ ಈ ಸಣ್ಣ ಬಿರುಕೇ ಕಾರಣ.

ತಿರಸ್ಕಾರದ ನೆಪಗಳು, ಕಾರಣಗಳು

ಸಹಕಾರಿ ಬ್ಯಾಂಕಿನಲ್ಲಿ ನಾಮಪತ್ರ ಬೀಳುವ ಕಾರಣಗಳಲ್ಲಿ ಮೊದಲ ಸ್ಥಾನ ‘ಸುಸ್ತಿ’ಯದು. ಸಾಲದ ಕಂತು ಕಟ್ಟದ ಸುಸ್ತಿದಾರ ಆಡಳಿತ ಮಂಡಳಿಯಲ್ಲಿ ಕೂರಬಾರದು ಎಂಬ ನಿಯಮ ನ್ಯಾಯವಾದದ್ದೇ. ಇನ್ನೊಬ್ಬರ ಠೇವಣಿಯನ್ನು ಕಾಯಬೇಕಾದವರು ತಮ್ಮ ಬಾಕಿಯನ್ನೇ ತೀರಿಸದಿದ್ದರೆ ಹೇಗೆ? ಕರ್ನಾಟಕದ ಕಾಯ್ದೆಯ 29ಸಿ ಕಲಂ ಆಡಳಿತ ಮಂಡಳಿಯ ಸದಸ್ಯತ್ವಕ್ಕೆ ಇಂಥ ಅನರ್ಹತೆಗಳನ್ನು ಪಟ್ಟಿ ಮಾಡಿದೆ.

ಆದರೆ ‘ಸುಸ್ತಿ’ ಎಂಬುದು ಹೊರಗಿನಿಂದ ಕಾಣುವಷ್ಟು ಸರಳವಲ್ಲ. ಬಾಕಿ ಇತ್ತೇ ಎಂಬುದನ್ನು ಯಾವ ದಿನಕ್ಕೆ ಲೆಕ್ಕ ಹಾಕಬೇಕು: ನಾಮಪತ್ರ ಸಲ್ಲಿಸಿದ ದಿನಕ್ಕೋ, ಪರಿಶೀಲನೆಯ ದಿನಕ್ಕೋ? ಶಾಸನಸಭೆಯ ಚುನಾವಣೆಯಲ್ಲಿ ಅರ್ಹತೆಯನ್ನು ನೋಡುವುದು ಪರಿಶೀಲನೆಗೆ ಗೊತ್ತುಮಾಡಿದ ದಿನಕ್ಕೆ. ಸಹಕಾರಿ ಚುನಾವಣೆಯಲ್ಲಿ ಆಯಾ ರಾಜ್ಯದ ಕಾಯ್ದೆ, ನಿಯಮ, ಸಂಸ್ಥೆಯ ಉಪವಿಧಿ ಮೂರನ್ನೂ ಜೋಡಿಸಿ ಓದಬೇಕು. ಜಾಮೀನು ಹಾಕಿದ ಸಾಲ ಬೇರೆಯವರಿಂದ ಬಾಕಿಯಾಗಿದ್ದರೆ ಜಾಮೀನುದಾರನೂ ಸುಸ್ತಿದಾರನೇ? ಬೇಡಿಕೆಯ ನೋಟಿಸೇ ತಲುಪದಿದ್ದರೆ? ಬಾಕಿ ಇದೆ ಎಂಬ ದಾಖಲೆ ಕೊಡುವುದು ಬ್ಯಾಂಕಿನ ಕಚೇರಿ. ಆ ಕಚೇರಿ ಇರುವುದು ಅದೇ ಚುನಾವಣೆಯಲ್ಲಿ ಮತ್ತೆ ಸ್ಪರ್ಧಿಸುತ್ತಿರುವ ಹಾಲಿ ಆಡಳಿತ ಮಂಡಳಿಯ ಕೈಕೆಳಗೆ. ಇಲ್ಲಿಯೇ ಅನುಮಾನದ ಬೀಜ.

ಎರಡನೆಯದು ಕಾಗದದ ದೋಷಗಳು: ಸಹಿ ತಪ್ಪಿದ ಜಾಗ, ತಪ್ಪಾಗಿ ಬರೆದ ಸದಸ್ಯ ಸಂಖ್ಯೆ, ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸ. ಗಣನೀಯವಲ್ಲದ ದೋಷಕ್ಕಾಗಿ ನಾಮಪತ್ರವನ್ನು ತಿರಸ್ಕರಿಸಬಾರದು ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 36ನೆಯ ಕಲಂ ಹೇಳುತ್ತದೆ. ಸಹಕಾರಿ ಚುನಾವಣೆಯ ವಿವಾದಗಳಲ್ಲೂ ಇದೇ ಅಳತೆಗೋಲು ಮತ್ತೆ ಮತ್ತೆ ಬಳಕೆಯಾಗುತ್ತದೆ. ಆದರೆ ಯಾವುದು ಗಣನೀಯ, ಯಾವುದು ಅಲ್ಲ ಎಂದು ಆ ದಿನ ಆ ಮೇಜಿನ ಬಳಿ ತೀರ್ಮಾನಿಸುವವರು ಚುನಾವಣಾಧಿಕಾರಿ ಒಬ್ಬರೇ.

ಮೂರನೆಯದು ಮೀಸಲು ಸ್ಥಾನ ಮತ್ತು ಉಪವಿಧಿಗಳ ತೊಡಕು. ನಾಸಿಕ್ ಮರ್ಚೆಂಟ್ಸ್ ಸಹಕಾರಿ ಬ್ಯಾಂಕಿನ ಚುನಾವಣೆಯಿಂದ ಎದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯ ಕುರಿತು ತೀರ್ಪು ಕೊಟ್ಟಿತು. ದುರ್ಬಲ ವರ್ಗಗಳಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನ ಮೀಸಲಿಡಬೇಕೆಂದು ಮಹಾರಾಷ್ಟ್ರದ ಕಾಯ್ದೆ ಹೇಳಿತ್ತು. ಬ್ಯಾಂಕಿನ ಉಪವಿಧಿ ಅದಕ್ಕೆ ತಕ್ಕಂತೆ ಬದಲಾಗಿರಲಿಲ್ಲ. ಕಾಯ್ದೆಗೂ ಉಪವಿಧಿಗೂ ತಿಕ್ಕಾಟ ಬಂದರೆ ಕಾಯ್ದೆಯೇ ಮೇಲು ಎಂದು 1980ರ ದಶಕದ ಈ ತೀರ್ಪು ಸಾರಿತು. ಬ್ಯಾಂಕಿನವರು ತಮ್ಮ ಉಪವಿಧಿಯನ್ನು ಮುಂದಿಟ್ಟುಕೊಂಡು ಅಭ್ಯರ್ಥಿಗಳನ್ನು ಹೊರಗಿಡುವ ಪ್ರಯತ್ನಗಳಿಗೆ ಇದೊಂದು ಮಿತಿ.

ಎರಡು ರಾಜ್ಯ, ಎರಡು ದಾರಿ

ತಪ್ಪಾದ ತಿರಸ್ಕಾರಕ್ಕೆ ಪರಿಹಾರ ಎಂದು ಸಿಗಬೇಕು ಎಂಬ ಬಗ್ಗೆ ನೆರೆಯ ಎರಡು ರಾಜ್ಯಗಳು ಹಿಡಿದ ದಾರಿಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ.

ಮಹಾರಾಷ್ಟ್ರ ತನ್ನ 1960ರ ಕಾಯ್ದೆಗೆ 152ಎ ಎಂಬ ಕಲಮನ್ನು ಸೇರಿಸಿಕೊಂಡಿತು. ನಾಮಪತ್ರ ತಿರಸ್ಕೃತವಾದವರು ಮೂರು ದಿನಗಳೊಳಗೆ ಮೇಲ್ಮನವಿ ಹಾಕಬೇಕು. ಮೇಲಧಿಕಾರಿ ಹತ್ತು ದಿನಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನವೇ ಅಂತಿಮ. ಇದಕ್ಕೆ ಅವಕಾಶವಾಗಲೆಂದು, ನಾಮಪತ್ರ ಪರಿಶೀಲನೆಗೂ ಉಮೇದುವಾರಿಕೆ ಹಿಂತೆಗೆದುಕೊಳ್ಳುವ ಕೊನೆಯ ದಿನಕ್ಕೂ ನಡುವೆ ಕನಿಷ್ಠ ಹದಿನೈದು ದಿನಗಳ ಅಂತರವಿರಬೇಕೆಂದು ಅದೇ ಕಲಂ ಹೇಳಿತು. ಕ್ರಮಬದ್ಧ ಅಭ್ಯರ್ಥಿಗಳ ಪಟ್ಟಿ ಮೇಲ್ಮನವಿಯ ಫಲಿತಾಂಶಕ್ಕೆ ಒಳಪಟ್ಟಿರುತ್ತದೆ. ಅಂದರೆ ಚುನಾವಣೆ ನಿಲ್ಲುವುದಿಲ್ಲ. ತಪ್ಪು ತಿದ್ದುವ ಕೆಲಸ ಚುನಾವಣೆಯ ವೇಳಾಪಟ್ಟಿಯ ಒಳಗೇ ಮುಗಿಯುತ್ತದೆ.

ಕರ್ನಾಟಕದಲ್ಲಿ ಸಾಂಪ್ರದಾಯಿಕ ದಾರಿ 70ನೆಯ ಕಲಮಿನದು. ಚುನಾವಣೆ ಮುಗಿಯಬೇಕು, ಫಲಿತಾಂಶ ಬರಬೇಕು. ಆಮೇಲೆ ರಿಜಿಸ್ಟ್ರಾರರ ಅಥವಾ ಅವರ ಅಧಿಕಾರ ಹೊಂದಿದವರ ಮುಂದೆ ವಿವಾದ ಹೂಡಬೇಕು. ಸಾಕ್ಷ್ಯ, ಪಾಟೀಸವಾಲು, ವಾದ, ತೀರ್ಪು. ಅದರ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಮೇಲ್ಮನವಿ. ಅದರ ಮೇಲೆ ಉಚ್ಚ ನ್ಯಾಯಾಲಯ. ಹಂತ ಹಂತವಾಗಿ ಸತ್ಯವನ್ನು ಶೋಧಿಸುವ ದೃಷ್ಟಿಯಿಂದ ಇದು ಪಕ್ಕಾ ವ್ಯವಸ್ಥೆ. ಕಾಲದ ದೃಷ್ಟಿಯಿಂದ ನೋಡಿದರೆ, ಆಡಳಿತ ಮಂಡಳಿಯ ಅವಧಿ ಐದು ವರ್ಷ. ವಿವಾದ ಮೂರು ಮೆಟ್ಟಿಲು ಹತ್ತಿ ಇಳಿಯುವ ಹೊತ್ತಿಗೆ ಮುಂದಿನ ಚುನಾವಣೆಯ ಅಧಿಸೂಚನೆ ಬಂದಿದ್ದರೆ, ಗೆದ್ದ ಅರ್ಜಿದಾರನ ಕೈಯಲ್ಲಿ ಉಳಿಯುವುದು ತೀರ್ಪಿನ ಪ್ರತಿ ಮಾತ್ರ.

ಇನ್ನೂ ಒಂದು ತೊಡಕಿದೆ. ಇಬ್ಬರೇ ಸ್ಪರ್ಧಿಗಳಿರುವ ಕಡೆ ಒಬ್ಬರ ನಾಮಪತ್ರ ತಿರಸ್ಕೃತವಾದರೆ ಇನ್ನೊಬ್ಬರು ಅವಿರೋಧವಾಗಿ ಆಯ್ಕೆಯಾಗುತ್ತಾರೆ. ಅಲ್ಲಿ ಮತದಾರನಿಗೆ ಮತ ಹಾಕುವ ಸಂದರ್ಭವೇ ಬರುವುದಿಲ್ಲ. ಜಿಲ್ಲಾ ಕೇಂದ್ರ ಬ್ಯಾಂಕಿನಂಥ ಸಂಸ್ಥೆಯಲ್ಲಿ ಮತ ಹಾಕುವವರು ಸಂಘಗಳ ಪ್ರತಿನಿಧಿಗಳು. ಅವರ ಸಂಖ್ಯೆ ಚಿಕ್ಕದು. ಅಂಥ ಕಡೆ ಒಂದು ನಾಮಪತ್ರದ ತೂಕ ವಿಧಾನಸಭಾ ಕ್ಷೇತ್ರದ ನಾಮಪತ್ರಕ್ಕಿಂತ ಬಹಳ ಹೆಚ್ಚು.

ಬಾಗಿಲು ತೆರೆಯುವುದು ಎಷ್ಟು?

ಹಾಗೆಂದು ನ್ಯಾಯಾಲಯಗಳ ನಿಲುವನ್ನು ಮೊಂಡುತನವೆಂದು ತಳ್ಳಿಹಾಕುವಂತಿಲ್ಲ. ಚುನಾವಣೆಗೆ ಸುಲಭವಾಗಿ ತಡೆಯಾಜ್ಞೆ ಸಿಗುವಂತಾದರೆ ಅದರ ಲಾಭ ಯಾರಿಗೆ? ನಿಜವಾಗಿ ಅನ್ಯಾಯವಾದವರಿಗೆ ಸ್ವಲ್ಪ. ಚುನಾವಣೆಯೇ ಬೇಡವಾದವರಿಗೆ ಬಹಳ. ಸೋಲುವ ಭಯವಿರುವ ಗುಂಪು ಉದ್ದೇಶಪೂರ್ವಕವಾಗಿ ದೋಷವಿರುವ ನಾಮಪತ್ರ ಹಾಕಿಸಿ, ತಿರಸ್ಕಾರವಾದೊಡನೆ ನ್ಯಾಯಾಲಯಕ್ಕೆ ಹೋಗಿ, ಇಡೀ ಚುನಾವಣೆಯನ್ನು ವರ್ಷಗಟ್ಟಲೆ ತೂಗುಹಾಕಬಹುದು. ಅಷ್ಟರಲ್ಲಿ ಬ್ಯಾಂಕಿಗೆ ಸರ್ಕಾರದ ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಸದಸ್ಯರ ಬ್ಯಾಂಕು ಸದಸ್ಯರ ಕೈತಪ್ಪುತ್ತದೆ. ಒಬ್ಬನ ಹಕ್ಕನ್ನು ಉಳಿಸಲು ಹೋಗಿ ಸಾವಿರಾರು ಜನರ ಮತದ ಹಕ್ಕನ್ನು ಮುಂದೂಡಿದಂತಾಗುತ್ತದೆ.

ಈ ಎರಡು ಭಯಗಳ ನಡುವೆ ಸಮತೋಲ ಹುಡುಕುವ ಪ್ರಯತ್ನವೂ ನಡೆದಿದೆ. 2000ದಲ್ಲಿ ಅಶೋಕ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹಿಂದಿನ ತೀರ್ಪುಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಸೂತ್ರ ಕೊಟ್ಟಿತು. ನ್ಯಾಯಾಲಯದ ಆದೇಶ ಚುನಾವಣೆಯನ್ನು ನಿಲ್ಲಿಸುವಂತಿರಬಾರದು, ಎಳೆಯುವಂತಿರಬಾರದು. ಚುನಾವಣೆ ಸರಿಯಾಗಿ ಮುಂದೆ ಸಾಗಲು ನೆರವಾಗುವಂತಿದ್ದರೆ ಅದಕ್ಕೆ ಅಡ್ಡಿಯಿಲ್ಲ. 2023ರ ಸೆಪ್ಟೆಂಬರಿನಲ್ಲಿ ಲಡಾಖ್ ಗಿರಿ ಪರಿಷತ್ತಿನ ಪ್ರಕರಣದಲ್ಲಿ ಇದೇ ನ್ಯಾಯಾಲಯ ಒಂದು ಹೆಜ್ಜೆ ಮುಂದೆ ಹೋಯಿತು. ಪಕ್ಷವೊಂದಕ್ಕೆ ನೇಗಿಲಿನ ಚಿಹ್ನೆಯನ್ನು ಅನ್ಯಾಯವಾಗಿ ನಿರಾಕರಿಸಲಾಗಿದೆ ಎಂದು ಕಂಡಾಗ, ಹೊರಬಿದ್ದಿದ್ದ ಚುನಾವಣಾ ಅಧಿಸೂಚನೆಯನ್ನೇ ರದ್ದುಮಾಡಿ ಹೊಸದಾಗಿ ಹೊರಡಿಸುವಂತೆ ಆದೇಶಿಸಿತು. ಚುನಾವಣೆ ಶುರುವಾಗಿದೆ ಎಂಬ ಒಂದೇ ಮಾತು ಎಲ್ಲ ಅನ್ಯಾಯಕ್ಕೂ ಗುರಾಣಿಯಾಗದು ಎಂಬುದು ಅದರ ಸಾರ.

ಸಹಕಾರಿ ಚುನಾವಣೆಗಳಲ್ಲಿ ಉಚ್ಚ ನ್ಯಾಯಾಲಯಗಳು ಕಂಡುಕೊಂಡ ಮಧ್ಯಮಾರ್ಗವೊಂದಿದೆ. ಅರ್ಹತೆ ವಿವಾದದಲ್ಲಿರುವ ಮತದಾರರಿಗೆ ಮತ ಹಾಕಲು ಮಧ್ಯಂತರ ಆದೇಶದ ಮೂಲಕ ಅವಕಾಶ ಕೊಟ್ಟು, ಆ ಮತಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಡುವುದು. ಅಂತಿಮ ಫಲಿತಾಂಶವನ್ನು ಅರ್ಜಿಯ ತೀರ್ಪಿಗೆ ಒಳಪಡಿಸುವುದು. ಇದರಿಂದ ಚುನಾವಣೆ ನಿಲ್ಲುವುದಿಲ್ಲ, ಹಕ್ಕೂ ಪೂರ್ತಿ ಮುಳುಗುವುದಿಲ್ಲ. ಆದರೆ ನಾಮಪತ್ರಕ್ಕೆ ಈ ಉಪಾಯ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಮತವನ್ನು ಬೇರೆ ಪೆಟ್ಟಿಗೆಯಲ್ಲಿಡಬಹುದು, ಅಭ್ಯರ್ಥಿಯನ್ನು ಇಡಲಾಗದು. ಮತಪತ್ರದಲ್ಲಿ ಅವರ ಹೆಸರು ಇರಬೇಕು, ಇಲ್ಲವೇ ಇರಬಾರದು.

ತಿದ್ದುಪಡಿಯ ಭರವಸೆ, ಅದರ ಮಿತಿ

ಸಹಕಾರ ಸಂಘ ಕಟ್ಟುವ ಹಕ್ಕು 2012ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಂವಿಧಾನದ 97ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿತು. ಆಡಳಿತ ಮಂಡಳಿಗೆ ಐದು ವರ್ಷದ ಅವಧಿ, ಅವಧಿ ಮುಗಿಯುವ ಮೊದಲೇ ಚುನಾವಣೆ, ಚುನಾವಣೆಯ ಉಸ್ತುವಾರಿಗೆ ಪ್ರತ್ಯೇಕ ಪ್ರಾಧಿಕಾರ ಎಂಬ ಅಂಶಗಳೂ ಅದರಲ್ಲಿದ್ದವು. ಕರ್ನಾಟಕವೂ ತನ್ನ ಕಾಯ್ದೆಯನ್ನು ತಿದ್ದಿ ಸಹಕಾರ ಚುನಾವಣೆಗಳಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿಕೊಂಡಿತು. ಜತೆಗೆ, ಸಾಮಾನ್ಯ ಸಭೆಗಳಿಗೆ ಬಾರದವರಿಗೆ, ಸಂಘದಿಂದ ಕನಿಷ್ಠ ಸೇವೆಯನ್ನೂ ಪಡೆಯದವರಿಗೆ ಮತದ ಹಕ್ಕು ಇಲ್ಲವೆಂಬ ನಿಯಮವೂ ಬಂತು. ಹೆಸರಿಗಷ್ಟೇ ಸದಸ್ಯರಾದವರನ್ನು ದೂರವಿಡುವ ಉದ್ದೇಶ ಒಳ್ಳೆಯದೇ. ಆದರೆ ಹಾಜರಿ ಪುಸ್ತಕ ಯಾರ ಕೈಯಲ್ಲಿರುತ್ತದೆ ಎಂಬ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಮರಳಿತು. ಮತದಾರರ ಪಟ್ಟಿಯಿಂದ ಬಿಟ್ಟುಹೋದವರು ಸ್ಪರ್ಧಿಸುವಂತೆಯೂ ಇಲ್ಲ. ರಿಟ್ ಅರ್ಜಿಗಳ ರಾಶಿ ಬೆಳೆಯಿತು.

2013ರ ಏಪ್ರಿಲ್‌ನಲ್ಲಿ ಗುಜರಾತ್ ಉಚ್ಚ ನ್ಯಾಯಾಲಯ ಈ ತಿದ್ದುಪಡಿಯ ಸಹಕಾರ ಸಂಘಗಳ ಭಾಗವನ್ನು ಅಸಿಂಧುಗೊಳಿಸಿತು. ಸಹಕಾರ ರಾಜ್ಯಗಳ ವಿಷಯ. ಅರ್ಧಕ್ಕೆ ಕಡಿಮೆಯಿಲ್ಲದ ರಾಜ್ಯಗಳ ವಿಧಾನಮಂಡಲಗಳ ಅನುಮೋದನೆ ಬೇಕಿತ್ತು, ಅದನ್ನು ಪಡೆದಿಲ್ಲ ಎಂಬುದು ಕಾರಣ. 2021ರ ಜುಲೈ 20ರಂದು ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ಇದನ್ನು ಎತ್ತಿಹಿಡಿದು, ಆ ಭಾಗ ಬಹುರಾಜ್ಯ ಸಹಕಾರ ಸಂಘಗಳಿಗೆ ಮಾತ್ರ ಉಳಿಯುತ್ತದ�ೆ ಎಂದಿತು. 2023ರಲ್ಲಿ ಸಂಸತ್ತು ಬಹುರಾಜ್ಯ ಸಂಘಗಳ ಕಾಯ್ದೆಗೆ ತಿದ್ದುಪಡಿ ತಂದು ಅವುಗಳ ಚುನಾವಣೆಗೆ ಪ್ರತ್ಯೇಕ ಪ್ರಾಧಿಕಾರವನ್ನು ಸೃಷ್ಟಿಸಿತು. ಒಂದೇ ರಾಜ್ಯದೊಳಗಿನ ಸಹಕಾರಿ ಬ್ಯಾಂಕುಗಳ ನಾಮಪತ್ರದ ಹಣೆಬರಹ ಮತ್ತೆ ಆಯಾ ರಾಜ್ಯದ ಕಾಯ್ದೆಯ ಕೈಗೇ ಬಂತು.

ಈ ನಡುವೆ ಬ್ಯಾಂಕಿಂಗ್ ಕಾನೂನೂ ಒಳಗೆ ಬಂದಿದೆ. ಸಹಕಾರಿ ಬ್ಯಾಂಕುಗಳು 1966ರ ಮಾರ್ಚ್ 1ರಿಂದಲೇ ರಿಸರ್ವ್ ಬ್ಯಾಂಕಿನ ಕಣ್ಗಾವಲಿಗೆ ಒಳಪಟ್ಟಿದ್ದವು. 2020ರ ತಿದ್ದುಪಡಿ ಆ ಹಿಡಿತವನ್ನು ನಿರ್ದೇಶಕರ ಅರ್ಹತೆಯವರೆಗೂ ವಿಸ್ತರಿಸಿತು. ನಿರ್ದೇಶಕರೊಬ್ಬರು ನಿರಂತರವಾಗಿ ಎಷ್ಟು ವರ್ಷ ಇರಬಹುದು ಎಂಬ ಮಿತಿಯನ್ನು 2025ರ ತಿದ್ದುಪಡಿ ಎಂಟರಿಂದ ಹತ್ತು ವರ್ಷಕ್ಕೆ ಏರಿಸಿತು. ಪರಿಶೀಲನೆಯ ಮೇಜಿನ ಬಳಿ ಆಕ್ಷೇಪ ಎತ್ತಲು ಹೀಗೆ ಇನ್ನೊಂದು ಹೊಸ ಕಾರಣ ಸಿಕ್ಕಂತಾಗಿದೆ.

ಇಷ್ಟೆಲ್ಲ ಇತಿಹಾಸದ ನಡುವೆ ಒಂದು ಮಾತು ಎದ್ದು ಕಾಣುತ್ತದೆ. 1952ರಲ್ಲಿ ಪೊನ್ನುಸ್ವಾಮಿಯವರಿಗೆ ‘ಕಾಯಿರಿ’ ಎಂದು ಹೇಳಿದ ನ್ಯಾಯಾಲಯ, ಕಾದವರಿಗೆ ನ್ಯಾಯ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಹಾಗೆ ಹೇಳಿತ್ತು. ಕಾಯುವಿಕೆ ಐದು ವರ್ಷದ ಅವಧಿಯನ್ನೇ ನುಂಗುವುದಾದರೆ ಆ ನಂಬಿಕೆಯ ಬುಡವೇ ಸಡಿಲವಾಗುತ್ತದೆ. ಇದಕ್ಕೆ ಪರಿಹಾರ ಚುನಾವಣೆಯನ್ನು ನಿಲ್ಲಿಸುವುದಲ್ಲ. ಮಹಾರಾಷ್ಟ್ರದ ಮೂರು ದಿನ, ಹತ್ತು ದಿನಗಳ ಲೆಕ್ಕದಂತೆ, ತೀರ್ಮಾನಕ್ಕೆ ವೇಳಾಪಟ್ಟಿಯೊಳಗೇ ಜಾಗ ಮಾಡುವುದು. ಮೊದಲ ಸಹಕಾರ ಕಾನೂನುಗಳು ವಿವಾದವನ್ನು ಕೋರ್ಟಿನಿಂದ ರಿಜಿಸ್ಟ್ರಾರರ ಬಳಿಗೆ ತಂದದ್ದು ಬೇಗ ಮುಗಿಯಲಿ ಎಂಬ ಒಂದೇ ಕಾರಣಕ್ಕೆ. ಆ ಕಾರಣವನ್ನು ನೆನಪಿಟ್ಟುಕೊಂಡರೆ, ಸೂಚನಾ ಫಲಕದಲ್ಲಿ ‘ತಿರಸ್ಕೃತ’ ಎಂದು ಓದಿದ ಸದಸ್ಯ ವಕೀಲರ ಮನೆಗೆ ಓಡುವ ಬದಲು, ಅದೇ ಕಟ್ಟಡದಲ್ಲಿ ಒಂದು ಮೇಲ್ಮನವಿ ಬರೆದುಕೊಟ್ಟು, ಮತದಾನಕ್ಕೆ ಮುಂಚೆಯೇ ಹೌದು ಅಥವಾ ಅಲ್ಲ ಎಂಬ ಉತ್ತರ ಪಡೆಯಬಹುದು. ಸೋತರೂ ಅವರು ಸೋಲುವುದು ಮತದಾರರ ಕೈಯಲ್ಲಿ ಆಗಿರುತ್ತದೆ.